ಕರ್ನಲ್ಲಿಗೆ ಹಚ್ಚಿದ ತೇಪಿ

ಎಲ್ಲಾ ಶುರುವಾದದ್ದು ಒಂದು ತಟ್ಟೆ ಚುರುಮುರಿ ಸುಸಲದಿಂದ. ಒಂದು ಕೈಯಲ್ಲಿ ಸುಸಲ, ಇನ್ನೊಂದರಲ್ಲಿ ಮೊಬೈಲು ಹಿಡಿದು ಕೂತಿದ್ದ ಹಣಮೇಶನ ಕಣ್ಣಿಗೆ ಸುದ್ದಿ ಬಿತ್ತು: ಲಿನಕ್ಸ್ ಕರ್ನಲ್ಲಿನಲ್ಲಿ ಭಾರೀ ತೂತು! ತಟ್ಟೆ ಅಲ್ಲೇ ಬಿಟ್ಟ. ಇಲಕಲ್ಲಿನ ಓಣಿಗಳಲ್ಲಿ ಬೈಕು ಹಾರಿಸಿಕೊಂಡು ಶಂಕರಲಿಂಗ ಸಾಹುಕಾರರ ಸೀರೆ ಕಾರ್ಖಾನೆಗೆ ಬಂದ. ಅಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವನು ಅವನೇ. ನೌಕರಿ ಮಾತ್ರ ಇನ್ನೂ ಕಾಯಂ ಆಗಿರಲಿಲ್ಲ.

"ಸಾವ್ಕಾರ್ರ, ನಮ್ಮ ಕಂಪ್ಯೂಟರಿನ ಕರ್ನಲ್ಲಿಗೆ ತೂತು ಬಿದ್ದೈತ್ರಿ!"

ಸಾಹುಕಾರರು ಮೇಜಿನ ಕೆಳಗೆ ಬಗ್ಗಿದರು. "ಎಲ್ಲೈತೋ? ಇಲಿ ಕಡದಾವೇನು?"

"ಹೊರಗ ಕಾಣೂದಿಲ್ರಿ. ಕರ್ನಲ್ ಅಂದ್ರ ಕಂಪ್ಯೂಟರಿನ ಜೀವಾ ಇದ್ದಂಗ. ಸಾದಾ ಲಾಗಿನ್ ಇದ್ದಾವ ಆ ತೂತಿನಾಗ ನುಸುಳಿ ಇಡೀ ಕಂಪ್ಯೂಟರಿಗೆ ಯಜಮಾನ ಆಗಬಹುದ್ರಿ. ನಮ್ಮ ಡಿಜೈನ್ ಎಲ್ಲಾ ಕದ್ದು ಒಯ್ಯಬಹುದು!"

ಮಾತಿನಷ್ಟೇ ವೇಗವಾಗಿ ಕೀಬೋರ್ಡ್ ಕುಟ್ಟಿ, ಒಂದು ಪುಟ್ಟ ಪ್ರೋಗ್ರಾಮ್ ಓಡಿಸಿ, ತನ್ನ ಸಾದಾ ಲಾಗಿನ್‌ನಿಂದಲೇ ಯಜಮಾನನಾಗಿ ತೋರಿಸಿಬಿಟ್ಟ. ಸಾಹುಕಾರರು ಕಂಗಾಲು.

"ಮುಚ್ಚೋ ತಮ್ಮಾ, ಲಗೂನ ಮುಚ್ಚು! ಅದರಾಗಿಂದ ಬರೂ ಕಳ್ಳನ್ನ ಹಿಡದು ಕೊಡು, ಅವತ್ತ ನಿನ್ನ ನೌಕರಿ ಕಾಯಂ ಮಾಡ್ತೇನಿ."

ಮಗ್ಗದ ಮೇಲಿದ್ದ ಸಂಗವ್ವ ನಕ್ಕಳು. ಆ ಕಂಪ್ಯೂಟರಿನ ಕೆಲಸವೇ ಪಕ್ಕದ ಮೆಷಿನ್ನಿನಿಂದ ಸೆರಗಿನ ಡಿಜೈನಿನಂತೆ ರಟ್ಟಿನ ಕಾರ್ಡುಗಳಿಗೆ ತೂತು ಹೊಡೆಸುವುದು. ಅವನ್ನು ಮಗ್ಗಕ್ಕೆ ಏರಿಸಿ ಅವಳು ನೇಯಬೇಕು. "ತೂತು ಹೊಡಿಯೂದ ನಮ್ಮ ಧಂದೆ. ಇಂವ ನೋಡ್ರಿ, ಮುಚ್ಚಾಕ ಬಂದಾನ!"

ಹಣಮೇಶ ಕಿವಿಗೆ ಹಾಕಿಕೊಳ್ಳಲಿಲ್ಲ. ಹೊಸ ಕರ್ನಲ್ ತಂದು ತೇಪಿ ಹಚ್ಚಿದ. ಅದೇ ಹುರುಪಿನಲ್ಲಿ ಯಜಮಾನನ ಪಾಸ್‌ವರ್ಡ್ ಬದಲಿಸಿ, ಗೂಡ್ಸ್ ರೈಲಿನಷ್ಟು ಉದ್ದದ್ದೊಂದನ್ನು ಕೂರಿಸಿದ. ಅಡ್ಡದಾರಿಯಿಂದ ಯಾರಾದರೂ ಯಜಮಾನನಾದರೆ ಸಾಹುಕಾರರ ಮೊಬೈಲಿನಲ್ಲಿ ಸೈರನ್ ಕೂಗುವಂತೆಯೂ ಮಾಡಿದ. ಆಮೇಲೆ ಎದೆಯುಬ್ಬಿಸಿ ಕಂಪ್ಯೂಟರನ್ನು ಆರಿಸಿ ಹೊತ್ತಿಸಿದ.

ಕಂಪ್ಯೂಟರ್ ಎದ್ದಿತು. ತೂತು ಹೊಡೆಯುವ ಮೆಷಿನ್ ಏಳಲಿಲ್ಲ. ಹೊಸ ಕರ್ನಲ್ಲಿಗೆ ಆ ಹಳೆಯ ಮೆಷಿನ್ನಿನ ಗುರುತೇ ಇರಲಿಲ್ಲ, ಮದುವೆಮನೆಯಲ್ಲಿ ದೂರದ ನೆಂಟನನ್ನು ನೋಡಿದ ಹಾಗೆ.

ಅಷ್ಟರಲ್ಲಿ ಗುಡೂರಿನ ದಾನಮ್ಮ ಬಂದರು. ಮಗ್ಗದ ಮೇಲಿದ್ದದ್ದು ಅವರ ಮಗಳ ಧಾರೆ ಸೀರೆ. "ಸೆರಗು ಎಲ್ಲಿಗೆ ಬಂತ್ರಿ?"

"ಮೆಷಿನ್ ಮಕ್ಕೊಂಡೈತಿ ಯವ್ವಾ," ಎಂದಳು ಸಂಗವ್ವ. "ಹಣಮೇಶಪ್ಪ ಜೋಗುಳಾ ಹಾಡ್ಯಾನ."

"ಸೆರಗಿಲ್ಲದ ಸೀರಿ ಉಟಗೊಂಡು ನನ್ನ ಮಗಳು ಹಸಿಮಣಿ ಏರಬೇಕೇನು?" ದಾನಮ್ಮನ ದನಿ ಮಗ್ಗಗಳ ಸದ್ದನ್ನೂ ಮೀರಿಸಿತು. "ಇವತ್ತ ಕಾರ್ಡು ಆಗಲಿಲ್ಲಂದ್ರ ಬ್ಯಾರೆ ಕಡೆ ತಗೋತೇನಿ!"

ಸಾಹುಕಾರರು ಅವರನ್ನು ಚಹಾಕ್ಕೆ ಕರೆದೊಯ್ಯುತ್ತ ಹಲ್ಲು ಕಡಿದರು. "ಹಣಮ್ಯಾ, ನಾ ಬರೂದ್ರಾಗ ಇದು ಓಡಬೇಕ. ಇಲ್ಲಂದ್ರ ನೀ ಓಡು."

ಹೊಸ ಕರ್ನಲ್ಲಿಗೆ ಮೆಷಿನ್ನಿನ ಗುರುತು ಹೇಳಿಕೊಡಲು ಯಜಮಾನನ ಪಾಸ್‌ವರ್ಡ್ ಬೇಕು. ಹಣಮೇಶ ಕುಟ್ಟಿದ. ತಪ್ಪು. ಮತ್ತೆ ಕುಟ್ಟಿದ. ಮತ್ತೆ ತಪ್ಪು. ಕಳ್ಳನಿಗೆ ತಿಳಿಯಬಾರದೆಂದು ಮಾಡಿದ ಪಾಸ್‌ವರ್ಡ್ ಮಾಡಿದವನಿಗೂ ತಿಳಿಯದಷ್ಟು ಗಟ್ಟಿಯಾಗಿತ್ತು.

"ತುಳಸಿಗೇರಿ ಹಣಮಪ್ಪಗ ಕಾಯಿ ಒಡಸ್ತೇನಿ ಅನ್ನು," ಸಂಗವ್ವ ಸಲಹೆ ಕೊಟ್ಟಳು. "ಹೆಸರರ ಒಂದ ಐತಿ, ದಯಾ ತೋರಸ್ತಾನ."

ಹಣಮಪ್ಪ ದಯೆ ತೋರಿಸಿದ. ಕಂಪ್ಯೂಟರ್ ಹೊತ್ತುವಾಗ ಹಳೆಯ ಕರ್ನಲ್ಲನ್ನೂ ಆರಿಸಿಕೊಳ್ಳಬಹುದು ಎಂಬುದು ಹಣಮೇಶನಿಗೆ ನೆನಪಾಯಿತು. ಹಳೆಯದನ್ನೇ ಆರಿಸಿಕೊಂಡ. ಮೆಷಿನ್ ಟಕಟಕ ಎಂದು ಕಾರ್ಡು ಕುಟ್ಟತೊಡಗಿತು.

"ಅಂದ್ರ ತೂತು ಮತ್ತ ಬಂತೇನೋ?" ಸಂಗವ್ವ ಕೇಳಿದಳು.

"ಮೆಲ್ಲಕ ಮಾತಾಡಬೇ ಅಕ್ಕಾ!"

ತೂತು ಬಂದಿತ್ತು, ಪಾಸ್‌ವರ್ಡ್ ಬಂದಿರಲಿಲ್ಲ. ಅದನ್ನು ಕಳೆದದ್ದು ಗೊತ್ತಾದರೆ ನೌಕರಿ ಕಾಯಂ ಆಗುವ ಮಾತು ದೂರ, ಇರುವುದೇ ಹೋಗುತ್ತದೆ. ಆಗ ಹೊಳೆಯಿತು. ದಾರಿ ತೆರೆದೇ ಇದೆಯಲ್ಲ! ಬೆಳಿಗ್ಗೆಯ ಪುಟ್ಟ ಪ್ರೋಗ್ರಾಮನ್ನು ಓಡಿಸಿ ತೂತಿನಲ್ಲಿ ನುಸುಳಿದ. ಯಜಮಾನನಾದ. ಹೊಸ ಪಾಸ್‌ವರ್ಡ್ ಹಾಕಿದ, ಈ ಸಲ ಗಿಡ್ಡದು. ನಿಟ್ಟುಸಿರು ಬಿಟ್ಟ.

ಹೊರಗೆ ಚಹಾದಂಗಡಿಯಲ್ಲಿ ಸೈರನ್ ಕೂಗಿತು.

ಸಾಹುಕಾರರು ಧೋತರ ಎತ್ತಿ ಹಿಡಿದು ಓಡಿ ಬಂದರು, ಹಿಂದೆ ಚಹಾದ ಕಪ್ಪಿನೊಂದಿಗೆ ದಾನಮ್ಮ, ಅವರ ಹಿಂದೆ ಅರ್ಧ ಓಣಿ. "ಕಳ್ಳ ಬಂದಾನ! ಕಳ್ಳ! ನೀ ಹಚ್ಚಿದ ಸೈರನ್ ಭಾಳ ಛಲೋ ಐತೋ ಹಣಮೇಶಾ, ಹೆಸರು ಸೈತ ಬರದೈತಿ!"

ಕನ್ನಡಕ ಏರಿಸಿ ಮೊಬೈಲು ನೋಡಿದರು. ಹಣಮೇಶನನ್ನು ನೋಡಿದರು. ಮತ್ತೆ ಮೊಬೈಲು ನೋಡಿದರು.

"ಕೊಟ್ಟ ಮಾತು ತಪ್ಪಬಾರದ್ರಿ ಸಾವ್ಕಾರ್ರ," ಮಗ್ಗದ ಮೇಲಿಂದ ಸಂಗವ್ವ ಕೂಗಿದಳು. "ಕಳ್ಳನ್ನ ಹಿಡದು ಕೊಟ್ಟಾನ, ನೌಕರಿ ಕಾಯಂ ಮಾಡ್ರಿ. ಆಮ್ಯಾಲೆ ಆ ಕಳ್ಳನ್ನ ಕೆಲಸದಿಂದ ತಗದ ಹಾಕ್ರಿ!"