ಅತ್ತೆಯವರು ಹಸಿರಾದ ಪ್ರಸಂಗ

ನಮ್ಮ ಮನೆಯ ಕಂಪ್ಯೂಟರ್ ಪಂಡಿತ ನಾನೇ. (ಬಿರುದು ಕೊಟ್ಟವನೂ ನಾನೇ.) ಹಾಗಾಗಿ ಮೊನ್ನೆ ಶನಿವಾರ ನನ್ನ ಹೆಂಡತಿ, "ರೀ, ಬನ್ನಿ ಇಲ್ಲಿ, ಅಮ್ಮ ಹಸಿರಾಗಿಬಿಟ್ಟಿದ್ದಾರೆ!" ಎಂದು ಕೂಗಿದಾಗ ಪೇಪರ್ ಮಡಿಸಿಟ್ಟು, ಕನ್ನಡಕ ಏರಿಸಿ, ರಣರಂಗಕ್ಕೆ ಹೊರಟ ಸೇನಾಪತಿಯಂತೆ ಎದ್ದೆ.

ಅತ್ತೆಯವರು ಕುರ್ಚಿಯಲ್ಲಿ ತಮ್ಮ ಮಾಮೂಲಿ ಬಣ್ಣದಲ್ಲೇ ಕೂತಿದ್ದರು. ಹಸಿರಾಗಿದ್ದದ್ದು ಪರದೆಯ ಮೇಲಿನ ಅವರ ಫೋಟೊ. ಮರುದಿನ ಅವರಿಗೆ ಎಪ್ಪತ್ತು ತುಂಬುತ್ತಿತ್ತು. ಜೀವಮಾನದಲ್ಲೇ ಮೊದಲ ಸಲ ಅವರು ಕ್ಯಾಮೆರಾ ಮುಂದೆ ನಕ್ಕಿದ್ದ ಆ ಫೋಟೊ ಮೂರಡಿ ಎತ್ತರ ಪ್ರಿಂಟಾಗಿ ನಡುಮನೆಯ ಗೋಡೆ ಏರಬೇಕಿತ್ತು. ಮೂರು ಗಂಟೆಯೊಳಗೆ ಕಳಿಸಿ ಎಂದಿದ್ದರು ಸ್ಟುಡಿಯೋದವರು. ಆಗ ಗಂಟೆ ಎರಡು.

"ಪಾಚಿ ಕಟ್ಟಿದ ಹಾಗಿದೀನಲ್ಲ ಅಳಿಯಂದ್ರೇ!" ಅತ್ತೆಯವರು ಬಗ್ಗಿ ನೋಡಿದರು. "ವೈರು ಸರಿಯಾಗಿ ಕೂತಿದೆಯಾ?"

ಅವರು ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ವೈರು ಚುಚ್ಚಿ, ಊರವರ ಬಾಯಿಗೂ ಕಿವಿಗೂ ಗಂಟು ಹಾಕಿದವರು. ಮಿಕ್ಸಿ ನಿಂತರೂ, ಗಡಿಯಾರ ನಿಂತರೂ, ಅಳಿಯನ ಬಾಯಿ ನಿಂತರೂ ಅವರ ಮೊದಲ ಪ್ರಶ್ನೆ ಅದೇ.

"ಇದು ವೈರಿನ ವಿಷಯ ಅಲ್ಲ ಅತ್ತೆ, ವರ್ಣವಿಜ್ಞಾನ," ಎಂದೆ.

ಹೆಂಡತಿ ತನ್ನ ಫೋನ್ ಚಾಚಿದಳು. "ಅದೇ ಫೋಟೊ. ಇದರಲ್ಲಿ ಚೆನ್ನಾಗೇ ಇದೆಯಲ್ರೀ."

"ಫೋನು ಸುಳ್ಳು ಹೇಳುತ್ತೆ ಕಣೇ. ಎಲ್ಲರನ್ನೂ ಅಂದ ಮಾಡಿ ತೋರಿಸುತ್ತೆ."

"ಓಹೋ, ನಮ್ಮಮ್ಮ ಅಂದವಾಗಿ ಕಂಡರೆ ಸುಳ್ಳು!"

(ನಾನು ಸರಕ್ಕನೆ ಪರದೆಯತ್ತ ತಿರುಗಿದೆ.)

ಸಂಶೋಧನೆ ಶುರುವಾಯಿತು. ನಮ್ಮ ಮದುವೆ ಫೋಟೊ ತೆರೆದರೆ ವರಮಹಾಶಯನೂ ಹಸಿರು. ಅಡುಗೆಮನೆಯಿಂದ ಟೊಮೆಟೊ, ಸೌತೆಕಾಯಿ ತಂದು, ಫೋಟೊ ಹೊಡೆದು ಪರದೆಗೆ ಹಾಕಿದೆ. ಸೌತೆಕಾಯಿ ತನಗೂ ಇದಕ್ಕೂ ಸಂಬಂಧವೇ ಇಲ್ಲ ಎಂಬಂತೆ ಹಸಿರಾಗಿಯೇ ಇತ್ತು. ಟೊಮೆಟೊ ಮಾತ್ರ ಇದ್ದಿಲಿನಷ್ಟು ಕಪ್ಪು!

"ಕೆಂಪು ಕಾಣೆಯಾಗಿದೆ!" ಎಂದು ಘೋಷಿಸಿದೆ.

"ಎಲ್ಲಿ ಹೋಯ್ತಂತೆ?" ಅತ್ತೆಯವರ ಕಣ್ಣು ಅರಳಿತು.

ಇಷ್ಟಕ್ಕೇ ನಿಲ್ಲಿಸಿದ್ದರೆ ನನ್ನ ಮರ್ಯಾದೆ ಉಳಿಯುತ್ತಿತ್ತು. ನಾನು ಫೋಟೊ ತಿದ್ದುವ ಕಿಟಕಿ ತೆರೆದು ಕೆಂಪನ್ನು ಏರಿಸಿದೆ. ಏನೂ ಆಗಲಿಲ್ಲ. ಇನ್ನಷ್ಟು ಏರಿಸಿದೆ. ಅತ್ತೆಯವರು ಜಗ್ಗಲಿಲ್ಲ. ಕೊನೆಯವರೆಗೂ ಏರಿಸಿ, ಸಿಟ್ಟಿಗೆ ಹಸಿರನ್ನು ಅರ್ಧಕ್ಕಿಳಿಸಿದೆ. ಪಾಚಿ ಹೋಗಿ ಮಬ್ಬು ನೀಲಿ ಬಂತು.

"ನೋಡಿ, ಪ್ರಗತಿ!"

"ಕೆಂಪೆಲ್ರೀ?"

"ಒಳಗೆ ಸೇರಿದೆ. ಪ್ರಿಂಟಾದಾಗ ಹೊರಗೆ ಬರುತ್ತೆ," ಎಂದು ಸ್ಟುಡಿಯೋಗೆ ಕಳಿಸಿಯೇಬಿಟ್ಟೆ.

ಬಂತು. ನಾಲ್ಕೂವರೆಗೆ ಸ್ಟುಡಿಯೋದವರ ಫೋನು. "ಸಾರ್, ಪ್ರಿಂಟ್ ಆಗಿದೆ. ಆದ್ರೆ ಅಮ್ಮಾವ್ರು ಕಾಯಿಸಿದ ಕಬ್ಬಿಣದ ಹಾಗಿದ್ದಾರೆ. ನಗ್ತಿದ್ದಾರೋ ಹಲ್ಲು ಕಡೀತಿದ್ದಾರೋ ಗೊತ್ತಾಗ್ತಿಲ್ಲ. ನಮ್ಮ ಹುಡುಗಿ ಅದನ್ನ ಗೋಡೆ ಕಡೆ ತಿರುಗಿಸಿಟ್ಟಿದ್ದಾಳೆ."

ಹೆಂಡತಿ ಫೋನ್ ಕಿತ್ತುಕೊಂಡಳು. "ಅಣ್ಣಾ, ಬಾಗಿಲು ಹಾಕಬೇಡಿ, ನನ್ನ ಫೋನಿಂದ ಈಗಲೇ ಕಳಿಸ್ತೀನಿ," ಎಂದು ಗೋಗರೆದು, ಇನ್ನೊಂದು ಪ್ರಿಂಟಿಗೆ ಒಪ್ಪಿಸಿ, ನನ್ನ ಕಡೆ ತಿರುಗಿದಳು. ಆ ನೋಟವನ್ನು ವರ್ಣಿಸಲಾರೆ. ಅಷ್ಟರಲ್ಲಿ ಪರದೆಯ ಹಿಂದಿನಿಂದ ಅತ್ತೆಯವರ ದನಿ.

"ಅಳಿಯಂದ್ರೇ, ಇಲ್ಲೊಂದು ಡಬ್ಬಿ ಇದೆಯಲ್ಲ?"

ಡಾಕ್ಟರು ನನಗೆ ಬೇಡವೆಂದಿದ್ದ, ನಾನು ಬಿಸಾಡಿದೆನೆಂದು ಹೆಂಡತಿ ನಂಬಿದ್ದ ಬೆಣ್ಣೆ ಬಿಸ್ಕತ್ತಿನ ಡಬ್ಬಿ!

"ಇದನ್ನ ಒತ್ತಿಟ್ಟು ವೈರಿನ ಮೂತಿ ಸೊಟ್ಟ ಮಾಡಿದೀರಿ. ಅರ್ಧ ಈಚೆ ಬಂದಿದೆ," ಎನ್ನುತ್ತಾ ಅವರು ಡಬ್ಬಿ ಎಳೆದು ವೈರು ಒತ್ತಿದರು. ಕಾಣೆಯಾಗಿದ್ದ ಕೆಂಪೆಲ್ಲ ಒಮ್ಮೆಗೇ ಮರಳಿತು. ನಾನು ತಿದ್ದಿದ ಫೋಟೊ ತೆರೆದೇ ಇತ್ತು. ಪರದೆಯ ಮೇಲೆ ಅತ್ತೆಯವರು ಕೆಂಡಾಮಂಡಲವಾದರು. ಪರದೆಯ ಈಚೆ ಅವರ ಮಗಳೂ.

ಈಗ ನಗುವ ಅತ್ತೆಯವರು ನಡುಮನೆಯ ಗೋಡೆಯಲ್ಲಿದ್ದಾರೆ. ಕೆಂಪು ಪ್ರಿಂಟನ್ನು ಬಿಸಾಡಲು ಹೋದರೆ ಅತ್ತೆಯವರೇ ತಡೆದರು. ಅದು ಅಡುಗೆಮನೆಯಲ್ಲಿ, ಬಿಸ್ಕತ್ತಿನ ಕಪಾಟಿನ ನೆತ್ತಿಯ ಮೇಲಿದೆ. ಬಾಗಿಲಿಗೆ ಕೈ ಹಾಕಿದರೆ ಸಾಕು, ಮೂರಡಿ ಬೆಂಕಿ ನನ್ನನ್ನೇ ದಿಟ್ಟಿಸುತ್ತದೆ.

"ಬಣ್ಣ ಸ್ವಲ್ಪ ಇಳಿಸಿ ಕೊಡ್ಲಾ ಅತ್ತೆ?" ಎಂದು ಕೇಳಿದೆ.

"ಬೇಡ ಅಳಿಯಂದ್ರೇ," ಎಂದರು ಅವರು, ನನ್ನ ಡಬ್ಬಿಯಿಂದಲೇ ಒಂದು ಬಿಸ್ಕತ್ತು ತೆಗೆದು ಕಚ್ಚುತ್ತಾ. "ಈ ಜಾಗಕ್ಕೆ ನೀವು ಸರಿಯಾಗೇ ತಿದ್ದಿದೀರಿ."