ನನ್ನ ದುಡಿಮೆಯ ತನಿಖೆ

ಬಡತನ ಮುಚ್ಚಿಡುವುದು ಕಷ್ಟವೆಂದು ನಾನು ಬಹುಕಾಲ ನಂಬಿದ್ದೆ. ಅದನ್ನು ಸಾಬೀತು ಮಾಡುವುದು ಇನ್ನೂ ಕಷ್ಟವೆಂದು ಗೊತ್ತಾದದ್ದು ಈಚೆಗೆ. ವಂಡ್ಸೆ ಪೇಟೆಯಲ್ಲಿ ರವಿಕೆ ಹೊಲಿಯುವ ನಾನು ಇಸ್ತ್ರಿ ಹಾಕಿದ ಅಂಗಿ ತೊಟ್ಟೇ ಅಂಗಡಿ ಬಾಗಿಲು ತೆಗೆಯುವವನು. ಟೈಲರನೇ ಹರಕು ತೊಟ್ಟರೆ ಬಟ್ಟೆ ಕೊಡುವವರು ಯಾರು?

ಹೆಂಡತಿ ಗಿರಿಜೆಯ ಕಿಡ್ನಿ ಕೈಕೊಟ್ಟಾಗ ಆಸ್ಪತ್ರೆಗೆ ಕಟ್ಟಲು ಕುಂದಾಪುರದ ಒಂದು ಫೈನಾನ್ಸ್ ಕಂಪನಿಯಲ್ಲಿ ಸಾಲ ಮಾಡಿದೆ. ಬಡ್ಡಿ ವಿಪರೀತ, ಆದರೆ ಹಣ ಮರುದಿನವೇ ಬಂತು. "ತಿಂಗ್ಳಿಗ್ ಎಷ್ಟ್ ಆತ್ತ್?" ಎಂದು ಅಲ್ಲಿಯವನು ಕೇಳಿದ. "ಮದಿ ಸೀಸನ್ನಂಗೆ ಮೂವತ್ತ್ ಸಾವ್ರ" ಎಂದೆ. ಅವನು ವರ್ಷವಿಡೀ ಅಷ್ಟೇ ಎಂದು ಬರೆದುಕೊಂಡ. ಕಂಪನಿಯ ಪ್ರಕಾರ ನಮ್ಮೂರ ಜನ ಆಸಾಡಿಯ ಮಳೆಯಲ್ಲೂ ಮದುವೆಯಾಗುತ್ತಲೇ ಇರುತ್ತಾರೆ.

ಗಿರಿಜೆ ಉಳಿಯಲಿಲ್ಲ. ಅವಳ ಬೊಜ್ಜದ ದಿನ, ಉತ್ತರಕ್ರಿಯೆಗೆ ಬಂದವರೆಲ್ಲ ಊಟಕ್ಕೆ ಕೂತಿದ್ದಾಗ ವಸೂಲಿಯವನು ಅಂಗಳದಲ್ಲಿ ನಿಂತಿದ್ದ. ಅವನನ್ನೂ ಎಲೆ ಮುಂದೆ ಕೂರಿಸಿದೆ. ಪಾಯಸ ಎರಡು ಸಲ ಹಾಕಿಸಿಕೊಂಡು, ಕೈತೊಳೆದು, ಕಂತು ಕೇಳಿದ.

ಬೈಂದೂರಿನಿಂದ ಬಂದಿದ್ದ ನಾದಿನಿ ಸುಮತಿ ಕೆಂಡವಾದಳು. "ಭಾವ, ನಿಮ್ಗೆ ತೀರ್ಸುಕೆ ಆತ್ತಾ ಇಲ್ಯಾ ಅಂದ್ ಕಾಣ್ದೇ ಅವ್ರ್ ಹ್ಯಾಂಗ್ ಕೊಟ್ರ್? ತಕರಾರ್ ಹಾಕ್ವ."

"ಮರ್ಯಾದಿ ಹೋತ್ತಲೆ, ಹೆಣೆ ಸುಮತಿ."

"ಮರ್ಯಾದಿ ಬಂದ್ ಕಂತ್ ಕಟ್ಟತ್ತಾ?"

ಶಾಖೆಯವರು ದೂರನ್ನು ತಳ್ಳಿಹಾಕಿದರು. ಸುಮತಿ ಬಿಡದೆ ಸಾಲದ ದೂರು ವಿಚಾರಿಸುವ ಮೇಲಿನ ಲೋಕಪಾಲರಿಗೆ ಕಳಿಸಿದಳು. ಅವರು ವರದಿ ಕೇಳಿದ ಮೇಲೆ ಕಂಪನಿಯ ದೊಡ್ಡ ಕಚೇರಿಯಿಂದ ಒಬ್ಬ ಅಧಿಕಾರಿ ನನ್ನ ಅಂಗಡಿ ನೋಡಲು ಬಂದರು. ತಿಂಗಳುಗಟ್ಟಲೆ ನೊಣವೂ ಕೂರದ ಅಂಗಡಿಯಲ್ಲಿ ಆ ದಿನವೇ ಹೆಂಗಸರ ಸಾಲು! ನನ್ನ ಮಾನ ಕಾಪಾಡುವ ಉಮೇದಿನಲ್ಲಿ ಪಕ್ಕದ ಮನೆಯ ಲಚ್ಚಕ್ಕ, "ನಮ್ ಟೈಲರಿಗೆ ಪುರ್ಸೊತ್ತೇ ಇಲ್ಲೆ ಮಾರ್ರೆ, ಅಷ್ಟ್ ಗಿರಾಕಿ" ಎಂದು ಅಧಿಕಾರಿಗೇ ಹೇಳಿಬಿಟ್ಟಳು. ನನ್ನ ದೂರು ಅಲ್ಲಿಗೇ ಮುಗಿಯಿತು ಎಂದುಕೊಂಡೆ.

ಅಧಿಕಾರಿ ಗೋಡೆಯ ಹಗ್ಗದ ಮೇಲಿನ ರವಿಕೆಗಳನ್ನು ತೋರಿಸಿದರು. "ಇಷ್ಟೊಂದು ಕೆಲಸ ಇದೆಯಲ್ಲ?"

"ಅವೆಲ್ಲ ಅರ್ಧಂಬರ್ಧ ಸರ್. ಹುಕ್ಕು, ಕೈಹೊಲಿಗೆ ಆಗಿಲ್ಲ. ಅದು ಹೆಂಡತಿ ಮಾಡುತ್ತಿದ್ದದ್ದು."

"ನೀವು ಮಾಡಬಹುದಲ್ಲ?"

ಸೂಜಿಗೆ ದಾರ ಪೋಣಿಸಿ ತೋರಿಸಲು ಹೋದೆ. ಕಣ್ಣು ಮಂಜಾಗಿ ದಾರ ಹೋಗಲೇ ಇಲ್ಲ. ಕೊನೆಗೆ ಲಚ್ಚಕ್ಕನೇ ಸಣ್ಣ ದನಿಯಲ್ಲಿ, "ನಾವೆಲ್ಲ ರವ್ಕಿ ವಾಪಾಸ್ ತಕಂಡ್ ಹೋಪ್ಕ್ ಬಂದದ್ದ್. ಹುಕ್ ನಾವೇ ಹಾಕಂತ್ತ್. ಇವ್ರಿಗೆ ಬೇಜಾರಾತ್ತ್ ಅಂದ್ ಹೇಳ್ಲಿಲ್ಲೆ" ಎಂದಳು. ಅಧಿಕಾರಿ ಅದನ್ನೂ ಬರೆದುಕೊಂಡರು.

ಮಳೆಗಾಲ ಮುಗಿಯುವ ಹೊತ್ತಿಗೆ ಲೋಕಪಾಲರ ತೀರ್ಮಾನ ಬಂತು. ಬಡ್ಡಿ, ದಂಡ ಮನ್ನಾ. ಅಸಲನ್ನು ಸಣ್ಣ ಕಂತುಗಳಲ್ಲಿ ಕಟ್ಟಿದರೆ ಸಾಕು. ನನ್ನ ಪಕ್ಕ ಕೂತು ಸುಮತಿ ಅದನ್ನು ಓದಿ ಹೇಳಿದಳು: ಈ ಅರ್ಜಿದಾರರಿಗೆ ಒಬ್ಬರೇ ದುಡಿದು ಇಷ್ಟು ಸಾಲ ತೀರಿಸುವ ಶಕ್ತಿ ಮೊದಲಿನಿಂದಲೂ ಇರಲಿಲ್ಲ.

"ಗೆದ್ರಿ ಭಾವ!"

ಖುಷಿಗೆ ನಾನು ಅಡುಗೆಮನೆಯತ್ತ ತಿರುಗಿ, "ಹ್ವಾಯ್, ಕೇಂಡ್ಯಾ?" ಎಂದು ಕೂಗಿಬಿಟ್ಟೆ. ಅಲ್ಲಿ ಯಾರೂ ಇರಲಿಲ್ಲ. ಸುಮತಿ ನನ್ನ ಮುಖ ನೋಡಿದಳು.

"ಬೆಕ್ಕಿಗ್ ಹೇಳದ್ದ್" ಎಂದೆ.

ನಮ್ಮ ಮನೆಯಲ್ಲಿ ಬೆಕ್ಕೇ ಇಲ್ಲ. "ಹೌದಾ ಭಾವ" ಎಂದು ಅವಳು ಚಾ ಮಾಡಲು ಎದ್ದುಹೋದಳು. ದಾಖಲೆ ಕೇಳದೆ ನನ್ನ ಮಾತನ್ನು ಒಪ್ಪಿಕೊಂಡವಳು ಅವಳೊಬ್ಬಳೇ.