ಊದುಗೊಳವೆ ಗುರಿಯಾಟ: ಫ್ಯಾನು, ಬಿಕ್ಕಳಿಕೆ ಮತ್ತು ಬೇರೆ ಮನೆ

ಕಚೇರಿ ಸುತ್ತೋಲೆ

ಸಂಖ್ಯೆ: ಸಿಬ್ಬಂದಿ/ಕ್ರೀಡೆ/ಉಸಿರು/ನಾಲ್ಕನೇ ತಿದ್ದುಪಡಿ (ಮೂರನೆಯದು ಗಾಳಿಗೆ ಹಾರಿಹೋಗಿದೆ)

ವಿಷಯ: ಕಚೇರಿಯ ಆವರಣದಲ್ಲಿ ಊದುಗೊಳವೆ ಗುರಿಯಾಟದ ಅಭ್ಯಾಸ ಹಾಗೂ ಅದರಿಂದ ಉಂಟಾದ ಕೌಟುಂಬಿಕ ಬೆಳವಣಿಗೆಗಳ ನಿಯಂತ್ರಣ ಕುರಿತು.

ಉಲ್ಲೇಖ:
೧) ಕಡತಗಳ ಧೂಳು ಕುಡಿದ ಸಿಬ್ಬಂದಿಗೆ ಉಸಿರಿನ ವ್ಯಾಯಾಮ ಬೇಕೆಂಬ ವೈದ್ಯರ ಸಲಹೆ.
೨) ನೆಲಮಹಡಿಯ ಕಾವಲುಗಾರರ ಮೌಖಿಕ ದೂರು (ತೂತುಬಿದ್ದ ಟೋಪಿ ಲಗತ್ತಿಸಿದೆ).
೩) ಊಟದ ಡಬ್ಬಿ ಬಾರದಿರುವ ಬಗ್ಗೆ ಕೆಳಗೆ ಸಹಿ ಮಾಡಿದವರು ಕೆಳಗೆ ಸಹಿ ಮಾಡಿದವರಿಗೇ ಸಲ್ಲಿಸಿದ ಮನವಿ.

ಪೀಠಿಕೆ:

ಉಲ್ಲೇಖ (೧)ರ ಮೇರೆಗೆ, ಊಟದ ವಿರಾಮದಲ್ಲಿ ಮೊದಲ ಮಹಡಿಯ ಪಡಸಾಲೆಯಲ್ಲಿ ಊದುಗೊಳವೆ ಗುರಿಯಾಟಕ್ಕೆ ಅನುಮತಿ ನೀಡಲಾಗಿತ್ತು. ಉದ್ದನೆಯ ಕೊಳವೆಯೊಂದರಲ್ಲಿ ಸೂಜಿಮೊನೆಯ ಪುಟ್ಟ ಬಾಣವನ್ನಿಟ್ಟು, ಒಂದೇ ಉಸಿರಿಗೆ ಊದಿ, ಪಡಸಾಲೆಯ ಆ ತುದಿಯಲ್ಲಿರುವ ಫಲಕದ ನಡುಚುಕ್ಕೆಗೆ ನಾಟಿಸುವುದೇ ಈ ಆಟ. ಕೆಲಸಕ್ಕೆ ಎಂದೂ ತೋರದ ಶ್ರದ್ಧೆಯನ್ನು ಸಿಬ್ಬಂದಿಯು ಇದಕ್ಕೆ ತೋರಿರುವುದು ಶ್ಲಾಘನೀಯವೂ ಶೋಚನೀಯವೂ ಆಗಿದೆ.

ಕಚೇರಿಯ ಅತ್ಯುತ್ತಮ ಗುರಿಕಾರರು ಇಬ್ಬರು: ಟಪಾಲು ಶಾಖೆಯ ಮೇಲ್ವಿಚಾರಕಿ ಮತ್ತು ಲೆಕ್ಕಪತ್ರ ಶಾಖೆಯ ಸಹಾಯಕಿ. ಇವರು ಅತ್ತೆ ಮತ್ತು ಸೊಸೆ. ಒಂದೇ ಮನೆಯಿಂದ ಒಂದೇ ಬಸ್ಸಿನಲ್ಲಿ ಬರುವವರು. ಕೆಳಗೆ ಸಹಿ ಮಾಡಿದವರು ಮೊದಲನೆಯವರಿಗೆ ಗಂಡ, ಎರಡನೆಯವರಿಗೆ ಮಾವ ಆಗಿರುವುದು ಕೇವಲ ಕಾಕತಾಳೀಯವಾಗಿದ್ದು, ಈ ಸುತ್ತೋಲೆಯ ಮೇಲೆ ಅದು ಯಾವುದೇ ಪರಿಣಾಮ ಬೀರಿರುವುದಿಲ್ಲ. ಆದುದರಿಂದ ಸಮಸ್ತ ಸಿಬ್ಬಂದಿಗೆ ಈ ಕೆಳಕಂಡಂತೆ ತಾಕೀತು ಮಾಡಲಾಗಿದೆ:

೧. ವ್ಯಾಖ್ಯೆ. 'ಊದುಗೊಳವೆ' ಎಂದರೆ ಆಟದ ಊದುಗೊಳವೆ ಮಾತ್ರ. ಉಗ್ರಾಣದವರು ಮೊದಲ ಸಲ ಒಲೆ ಊದುವ ಕಬ್ಬಿಣದ ಊದುಗೊಳವೆಗಳನ್ನು ಒಂದು ಹೊರೆ ತರಿಸಿದ್ದು, ಅವುಗಳಿಗೆ ಈಗ ಕಿಟಕಿಯ ಪರದೆ ನೇತುಹಾಕಲಾಗಿದೆ. ಕಿವಿ ಊದುವುದು, ತನ್ನ ತುತ್ತೂರಿಯನ್ನು ತಾನೇ ಊದಿಕೊಳ್ಳುವುದು ಮುಂತಾಗಿ ಕಚೇರಿಯಲ್ಲಿ ಮೊದಲಿನಿಂದಲೂ ರೂಢಿಯಲ್ಲಿರುವ ಊದುವಿಕೆಗಳನ್ನು ಅಭ್ಯಾಸದ ಅವಧಿಗೆ ಲೆಕ್ಕ ಹಿಡಿಯತಕ್ಕದ್ದಲ್ಲ.

೨. ಗುರಿ. ರಜೆಯ ಅರ್ಜಿಯನ್ನು ಫಲಕಕ್ಕೆ ಅಂಟಿಸಿ, ಬಾಣ ನಡುವಿಗೆ ನಾಟಿದರೆ ರಜೆ ಮಂಜೂರಾಯಿತೆಂದು ಮನೆಗೆ ಹೊರಡುವ ಪದ್ಧತಿಯನ್ನು ರದ್ದುಪಡಿಸಲಾಗಿದೆ. ಕಾವಲುಗಾರರ ಟೋಪಿಯು ಗುರಿಯಲ್ಲ. ಅವರು ಸಹ ಮೆಟ್ಟಿಲು ಹತ್ತಿ ಬರುವಾಗ ದಾರಿಯುದ್ದಕ್ಕೂ ಕೆಮ್ಮತಕ್ಕದ್ದು.

೩. ಫ್ಯಾನು. ಕಚೇರಿಗಳ ನಡುವಿನ ಪಂದ್ಯಕ್ಕೆ ತಂಡದ ನಾಯಕರನ್ನು ಆರಿಸುವ ದಿನ, ಮೇಲ್ವಿಚಾರಕಿಯವರ ಕೊನೆಯ ಬಾಣ ಕೊಳವೆಯಿಂದ ಹೊರಟ ಕ್ಷಣಕ್ಕೇ ಜವಾನರು ಸೆಕೆ ತಾಳಲಾರದೆ ಫ್ಯಾನು ಹಾಕಿದರು. ಬಾಣವು ನಡುಚುಕ್ಕೆಯನ್ನು ಬಿಟ್ಟು, ಗೋಡೆಯ ಕ್ಯಾಲೆಂಡರಿನ ಭಾನುವಾರಕ್ಕೆ ನಾಟಿತು. ಸೊಸೆ ನಾಯಕಿಯಾದರು. "ಫ್ಯಾನ್ ಹಾಕ್ಸಿದ್ದು ಯಾರು ಅಂತ ನಂಗೊತ್ತು" ಎಂದು ಅತ್ತೆಯೂ, "ಗಾಳಿ ಬೀಸಿದ್ದೂ ನಾನೇ ಅನ್ನಿ" ಎಂದು ಸೊಸೆಯೂ ನುಡಿದದ್ದು ದಾಖಲಾಗಿದೆ. "ನಂಗೆ ಬೆವರ್ತಿತ್ತು ಸಾರ್, ಅಷ್ಟೇ" ಎಂಬ ಜವಾನರ ಹೇಳಿಕೆಯನ್ನು ಇಬ್ಬರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಇನ್ನು ಮುಂದೆ ಅಭ್ಯಾಸದ ವೇಳೆ ಫ್ಯಾನಿನ ಸ್ವಿಚ್ಚಿಗೆ ಅರಗಿನ ಮೊಹರು ಹಾಕತಕ್ಕದ್ದು. ಬೆವರುವವರು ಮುಂಚಿತವಾಗಿ ಅನುಮತಿ ಪಡೆದು ಬೆವರತಕ್ಕದ್ದು.

೪. ಮಾತು. ಅಂದಿನಿಂದ ಅತ್ತೆ ಸೊಸೆಯರು ಮಾತು ಬಿಟ್ಟರು. ಆದರೆ ಒಂದು ಕಚೇರಿಯಿಂದ ಇಬ್ಬರ ಜೋಡಿಯೇ ಆಡಬೇಕೆಂಬುದು ಪಂದ್ಯದ ನಿಯಮ. ಹಾಗಾಗಿ ಅಭ್ಯಾಸ ಮಾತ್ರ ಜೊತೆಯಲ್ಲೇ ನಡೆಯಿತು. ಒಬ್ಬರಿಗೊಬ್ಬರು ಹೇಳಬೇಕಾದ್ದನ್ನು ಇಬ್ಬರೂ ಗುರಿಫಲಕಕ್ಕೆ ಹೇಳಿದರು.

"ಏ ಫಲಕ, ಉಸಿರು ಹೊಟ್ಟೆಯಿಂದ ಬರ್ಬೇಕು, ಕೆನ್ನೆಯಿಂದಲ್ಲ ಅಂತ ಕೆಲವರಿಗೆ ಹೇಳು" ಎಂದು ಅತ್ತೆ.

"ಫಲಕ, ನನ್ನ ಬಾಣ ಎಲ್ಲಿ ಬಿದ್ದಿದೆ ನೋಡ್ಕೊಂಡು ಮಾತಾಡೋಕೆ ಹೇಳು" ಎಂದು ಸೊಸೆ.

ಹೀಗಿದ್ದೂ ಸೊಸೆ ಮರುದಿನ ಹೊಟ್ಟೆಯಿಂದಲೇ ಊದಿದ್ದನ್ನೂ, ಸೊಸೆಯ ಬಾಣದ ಮೊನೆ ಬಾಗಿದ್ದಾಗ ಅತ್ತೆ ಯಾರಿಗೂ ಕಾಣದಂತೆ ಇಕ್ಕಳದಿಂದ ಅದನ್ನು ನೆಟ್ಟಗೆ ಮಾಡಿಟ್ಟದ್ದನ್ನೂ ಜವಾನರು ಕಣ್ಣಾರೆ ಕಂಡಿದ್ದಾರೆ. ಗುರಿಫಲಕವು ಕಚೇರಿಯ ಆಸ್ತಿಯಾಗಿದ್ದು, ಅದನ್ನು ಖಾಸಗಿ ಮಧ್ಯಸ್ಥಿಕೆಗೆ ಬಳಸತಕ್ಕದ್ದಲ್ಲ. ಬಳಸಲೇಬೇಕಾದಲ್ಲಿ ಬಹುವಚನದಲ್ಲಿ ಸಂಬೋಧಿಸತಕ್ಕದ್ದು.

೫. ಊಟ. ಇದೇ ಅವಧಿಯಲ್ಲಿ ಮನೆಯಲ್ಲಿ "ಇವತ್ತು ನನ್ನ ಸರದಿಯಲ್ಲ" ಎಂಬ ಘೋಷಣೆಯು ಇಬ್ಬರಿಂದಲೂ ಒಂದೇ ದಿನ ಹೊರಡತೊಡಗಿತು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆಯಿದೆ. ಅತ್ತೆ ಸೊಸೆಯರ ಜಗಳದಲ್ಲಿ ಉಣ್ಣಲು ಏನೂ ಇರುವುದಿಲ್ಲವಾದ್ದರಿಂದ ಅದು ಮುಗಿಯುವ ಹೊತ್ತನ್ನು ನಿಗದಿಪಡಿಸಲಾಗಿಲ್ಲ. ಸದರಿ ಮನೆಯ ಗಂಡಸರಿಬ್ಬರೂ, ಅಂದರೆ ಕೆಳಗೆ ಸಹಿ ಮಾಡಿದವರು ಮತ್ತು ಅವರ ಮಗ, ಒಣ ಬ್ರೆಡ್ಡನ್ನು ತಿನ್ನುತ್ತಾ ಪರಸ್ಪರ ಮುಖ ನೋಡಿಕೊಂಡಿದ್ದಾರೆ. ಮಗನು ಏನೋ ಹೇಳಲು ಬಾಯಿ ತೆರೆದು, ಬ್ರೆಡ್ಡನ್ನೇ ಹಾಕಿಕೊಂಡು ಸುಮ್ಮನಾದದ್ದನ್ನು ಆಗ ಯಾರೂ ಗಂಭೀರವಾಗಿ ಪರಿಗಣಿಸಲಿಲ್ಲ.

೬. ಬಿಕ್ಕಳಿಕೆ. ಎದುರು ಕಟ್ಟಡದ ಕಚೇರಿಯವರೊಂದಿಗೆ ನಡೆದ ಅಂತಿಮ ಪಂದ್ಯದಲ್ಲಿ ಅಂಕಗಳು ಸಮಸಮವಾಗಿ, ಮೇಲ್ವಿಚಾರಕಿಯವರ ಒಂದೇ ಒಂದು ಬಾಣ ಉಳಿದಿತ್ತು. ಬೆಳಗಿನಿಂದ ಏನೂ ತಿನ್ನದೆ, ಗಂಟಲೊಣಗಿ ಗಟಗಟ ನೀರು ಕುಡಿದದ್ದರಿಂದ ಅವರಿಗೆ ಬಿಕ್ಕಳಿಕೆ ಹಿಡಿಯಿತು. ಕೊಳವೆ ಬಾಯಲ್ಲಿರುವಾಗ ಬಿಕ್ಕಿದರೆ ಬಾಣವು ಫಲಕಕ್ಕೆ ಹೋಗುವ ಬದಲು ಹೊಟ್ಟೆಗೆ ಹೋಗುವ ಸಂಭವವಿದೆ. ಆದ್ದರಿಂದ ತೀರ್ಪುಗಾರರಾಗಿ ಬಂದಿದ್ದ ಶಾಲೆಯ ಆಟದ ಮೇಷ್ಟ್ರು ಕೊಳವೆ ಮುಟ್ಟಗೊಡಲಿಲ್ಲ. "ಸ್ವಲ್ಪ ಹೊತ್ತು ಕಾಯ್ತೀನಮ್ಮ. ನಿಲ್ಲದಿದ್ರೆ ಆಟ ಅವರದ್ದು" ಎಂದರು.

ಸಿಬ್ಬಂದಿಯವರು ಸಕ್ಕರೆ ತಂದರು, ಮೂಗು ಹಿಡಿಸಿದರು, ಯಾರೋ ನೆನೆಸಿಕೊಳ್ಳುತ್ತಿರಬೇಕೆಂದು ಬಂಧುಬಳಗದ ಹೆಸರುಗಳನ್ನೆಲ್ಲ ಹೇಳಿಸಿದರು. ಕೆಳಗೆ ಸಹಿ ಮಾಡಿದವರು ಬೆನ್ನು ತಟ್ಟಲು ಹೋಗಿ, "ನೀವು ಸುಮ್ನೆ, ಹಿಕ್, ಕೂತ್ಕೊಳ್ರೀ" ಎಂಬ ಆದೇಶವನ್ನು ಸ್ವೀಕರಿಸಿ ಪಾಲಿಸಿದರು.

ಆಗ ಸೊಸೆ ಎದ್ದು ಬಂದು ಹತ್ತಿರ ನಿಂತು, ಫಲಕಕ್ಕಲ್ಲದೆ ನೇರವಾಗಿ ಅತ್ತೆಗೇ ಹೇಳಿದರು: "ಅತ್ತೆ, ನಾವು ಬೇರೆ ಮನೆ ನೋಡಿದ್ದೀವಿ. ಬರೋ ತಿಂಗಳು ಹೋಗ್ತಾ ಇದ್ದೀವಿ."

ಬಿಕ್ಕಳಿಕೆ ನಿಂತಿತು. ಬಿಕ್ಕಳಿಕೆಯೇ ಇಲ್ಲದಿದ್ದ ಕೆಳಗೆ ಸಹಿ ಮಾಡಿದವರ ಉಸಿರೂ ನಿಂತಿತು. ಮೇಲ್ವಿಚಾರಕಿಯವರು ಸೊಸೆಯ ಮುಖವನ್ನೊಮ್ಮೆ ನೋಡಿದರು. ಫಲಕದತ್ತ ತಿರುಗಿದರು. ಕೊಳವೆ ಎತ್ತಿ ಊದಿದರು. ಬಾಣ ನಡುಚುಕ್ಕೆಯ ನಟ್ಟನಡುವೆ ನಾಟಿತು. ಸೂರು ಹಾರುವಂತೆ ಚಪ್ಪಾಳೆ ಬಿತ್ತು. ಸೋತವರೂ ತಟ್ಟಿದರು, ಅವರಿಗೂ ಮನೆಯಲ್ಲಿ ಅತ್ತೆಯರಿದ್ದಾರೆ. ಮುಂದಿನ ಪಂದ್ಯಗಳಲ್ಲಿ ಬಿಕ್ಕಳಿಸಲು ಉದ್ದೇಶಿಸಿರುವ ಸ್ಪರ್ಧಿಗಳು ಆ ಬಗ್ಗೆ ಹಿಂದಿನ ದಿನವೇ ತಿಳಿಸತಕ್ಕದ್ದು.

೭. ಸತ್ಯ. ಬಿಕ್ಕಳಿಕೆ ನಿಲ್ಲಿಸಲು ಸುಳ್ಳನ್ನು ಮಾತ್ರ ಬಳಸತಕ್ಕದ್ದು; ಕಚೇರಿಯಲ್ಲಿ ಅದರ ದಾಸ್ತಾನಿಗೆ ಕೊರತೆಯಿಲ್ಲ. ಸದರಿ ಪ್ರಕರಣದಲ್ಲಿ ಸತ್ಯವನ್ನೇ ಬಳಸಲಾಗಿತ್ತೆಂಬುದು ಆನಂತರ ಬೆಳಕಿಗೆ ಬಂದಿದೆ. ಗುಂಪು ಕರಗಿದ ಮೇಲೆ ಮೇಲ್ವಿಚಾರಕಿಯವರು ಕೊಳವೆಯನ್ನು ಅಗತ್ಯಕ್ಕಿಂತ ಹೆಚ್ಚು ಹೊತ್ತು ಒರೆಸುತ್ತಾ, "ಬಿಕ್ಕಳಿಕೆ ನಿಲ್ಸೋಕೆ ತಾನೆ ಹೇಳಿದ್ದು?" ಎಂದು ಕೇಳಿದರು.

"ಅಲ್ಲ ಅತ್ತೆ. ಹೇಳ್ಬೇಕು ಹೇಳ್ಬೇಕು ಅಂತ ಆ ಜಗಳಕ್ಕೂ ಮುಂಚೆಯಿಂದ ಅಂದ್ಕೊಳ್ತಿದ್ದೆ. ಬಾಯೇ ಬರ್ತಿರ್ಲಿಲ್ಲ. ನಮ್ಮ ಪಾಡಿಗೆ ನಾವಿದ್ದು ನೋಡ್ಬೇಕು ಅನ್ಸಿದೆ."

"ನನ್ನ ಮೇಲೆ ಕೋಪಾನಾ?"

"ಕೋಪ ಇದ್ದಿದ್ರೆ ಯಾವತ್ತೋ ಹೇಳಿರ್ತಿದ್ದೆ. ಇಲ್ದೇ ಇರೋದಕ್ಕೇ ಕಷ್ಟ ಆಯ್ತು."

ಕೆಳಗೆ ಸಹಿ ಮಾಡಿದವರು ಆ ವೇಳೆ ಪಡಸಾಲೆಯ ಕಂಬದ ಹಿಂದೆ ಇದ್ದರು. ಏಕಿದ್ದರೆಂಬುದು ಈ ಸುತ್ತೋಲೆಯ ವ್ಯಾಪ್ತಿಗೆ ಬರುವುದಿಲ್ಲ.

ಮೇಲ್ವಿಚಾರಕಿಯವರು ಫಲಕದಿಂದ ಬಾಣಗಳನ್ನು ಒಂದೊಂದಾಗಿ ಕಿತ್ತರು. ಆಮೇಲೆ, "ಆ ಮನೇಲಿ ಹಾಲ್ ಎಷ್ಟುದ್ದ ಇದೆ?" ಎಂದರು.

"ಈ ಪಡಸಾಲೆಯಷ್ಟೇ ಇದೆ ಅತ್ತೆ. ಹೆಜ್ಜೆ ಹಾಕಿ ಅಳೆದೇ ಒಪ್ಪಿಕೊಂಡಿದ್ದು."

"ಹಾಗಿದ್ರೆ ಫಲಕಾನ ಪಕ್ಕದ ಮನೆ ಕಡೆ ಗೋಡೆಗೆ ಹಾಕ್ಬೇಡ. ಅವರಿಗೆ ಟಪ್ ಟಪ್ ಅಂತ ಸದ್ದಾಗುತ್ತೆ. ಇರು, ನಾನೇ ಬಂದು ಜಾಗ ತೋರಿಸ್ತೀನಿ."

೮. ವರ್ಗಾವಣೆ. ಮಗ ಸೊಸೆಯರು ಹೊಸ ಮನೆಗೆ ಹೋಗಿರುತ್ತಾರೆ. ವಾರದ ರಜೆಯ ದಿನದ ಅಭ್ಯಾಸವನ್ನು ಸದರಿ ಮನೆಗೆ ವರ್ಗಾಯಿಸಲಾಗಿದೆ. ಫಲಕದ ಜಾಗದ ಬಗ್ಗೆ ಮೊದಲ ದಿನವೇ ಭಿನ್ನಾಭಿಪ್ರಾಯ ತಲೆದೋರಿದ್ದು, ಇಬ್ಬರೂ ಯಾವ ಮಧ್ಯವರ್ತಿಯೂ ಇಲ್ಲದೆ ಬೀದಿಗೆ ಕೇಳುವಂತೆ ಮಾತಾಡುತ್ತಿದ್ದಾರೆಂದು ತಿಳಿಸಲು ಈ ಕಚೇರಿಯು ಹರ್ಷಿಸುತ್ತದೆ. ಬೀರುವನ್ನು ಮೂರನೇ ಮಹಡಿಗೆ ಹೊತ್ತ ಕಾರಣ ಕೆಳಗೆ ಸಹಿ ಮಾಡಿದವರ ಸೊಂಟಕ್ಕೆ ವಿಶ್ರಾಂತಿ ಮಂಜೂರು ಮಾಡಲಾಗಿದೆ.

ಈ ಸುತ್ತೋಲೆಯು ಇದನ್ನು ಒಂದೇ ಉಸಿರಿಗೆ ಓದಿ ಮುಗಿಸಿದವರಿಗೆ ತಕ್ಷಣದಿಂದಲೂ, ನಡುವೆ ಉಸಿರೆಳೆದುಕೊಂಡವರಿಗೆ ನಾಳೆಯಿಂದಲೂ ಅನ್ವಯಿಸುತ್ತದೆ.

ಸಹಿ/-
(ಕುಳಿತೇ ಮಾಡಿದ್ದು)
ಉಪನಿರ್ದೇಶಕರು
ಆಡಳಿತ ಮತ್ತು ಅನಿವಾರ್ಯ ಕ್ರೀಡೆಗಳು

ಪ್ರತಿಗಳು:
೧) ಎಲ್ಲ ಶಾಖೆಗಳ ಮುಖ್ಯಸ್ಥರಿಗೆ: ಓದಿದಂತೆ ತೋರಿಸಿಕೊಳ್ಳಲು.
೨) ಎದುರು ಕಟ್ಟಡದ ಕಚೇರಿಗೆ: ಮಾಹಿತಿಗಾಗಿ, ಹಾಗೂ ಮರುಪಂದ್ಯ ಕೇಳದಿರುವಂತೆ ಕೋರಿ.
೩) ಆಟದ ಮೇಷ್ಟ್ರಿಗೆ: ಕಾದದ್ದಕ್ಕೆ ಕೃತಜ್ಞತೆಗಳೊಂದಿಗೆ.
೪) ಮೇಲ್ವಿಚಾರಕಿ, ಟಪಾಲು ಶಾಖೆ: ಮನೆಯ ವಿಳಾಸಕ್ಕೆ.
೫) ಸಹಾಯಕಿ, ಲೆಕ್ಕಪತ್ರ ಶಾಖೆ: ಹೊಸ ಮನೆಯ ವಿಳಾಸಕ್ಕೆ. (ಇದುವರೆಗೆ ಇಬ್ಬರಿಗೂ ಒಂದೇ ಪ್ರತಿ ಸಾಕಾಗುತ್ತಿತ್ತು.)
೬) ಮೇಲೆ ಸಹಿ ಮಾಡಿದವರ ಮಗನಿಗೆ: ಬೇರೆ ಮನೆಯ ವಿಷಯ ಅಪ್ಪನಿಗೆ ಊರವರೆಲ್ಲರ ಜೊತೆ ತಿಳಿಯುವಂತಾದದ್ದೇಕೆಂದು ಕಾರಣ ಕೇಳಿ. ಉತ್ತರವನ್ನು ಅಂಚೆಯಲ್ಲಿ ಕಳುಹಿಸತಕ್ಕದ್ದಲ್ಲ. ಖುದ್ದಾಗಿ ತರತಕ್ಕದ್ದು, ತಂದವನು ಊಟ ಮಾಡಿಕೊಂಡೇ ಹೋಗತಕ್ಕದ್ದು.